ಟಣ್ ಅಂದ ಕಮಾನು, ಡಬ್ ಅಂದ ಕಮಾನು

ಚಿತ್ತಾಪುರ ಕಡೆಯ ಒಂದು ಊರಿನ ಹಳ್ಳಕ್ಕೆ ಎರಡು ಕಮಾನಿನ ಇಟ್ಟಂಗಿ ಬ್ರಿಜ್ ಇದೆ. ಒಂದೊಂದು ಕಮಾನು 12 ಅಡಿ. ಹೊಲಕ್ಕೆ ಹೋಗುವ ಟ್ರ್ಯಾಕ್ಟರ್‌ಗಳಿಗೆ ಅದೊಂದೇ ದಾರಿ. ಊರವರು ರಿಪೇರಿಗೆ ಕರೆದಾಗ ನಾನು ಸಿಮೆಂಟ್ ಚೀಲದ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. 20 ವರ್ಷ ಬರೀ ಮನೆ ಕಟ್ಟಿಸಿದವನಿಗೆ ಬೇರೇನು ಹೊಳೆಯುತ್ತದೆ?

ಜೊತೆಗೆ ಬಂದ ಹಿರಿಯ ಗೌಂಡಿ ಚಾಚಾ ಕೆಳಗಿಳಿದು, ಕಮಾನಿನ ಹೊಟ್ಟೆಗೆ ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋದರು. ಟಣ್, ಟಣ್, ಟಣ್. ಒಂದು ಕಡೆ ಡಬ್.

“ಕೇಳಿದ್ರೇನ್ರಿ ಸಾಹೇಬ್ರ? ಮ್ಯಾಲಿನ ಸುತ್ತು ತೆಳಗಿನ ಸುತ್ತಿನ ಕೈ ಬಿಟ್ಟದ.”

ಇಂಥ ಕಮಾನನ್ನು ಸುತ್ತಿನ ಮೇಲೆ ಸುತ್ತು ಹಾಕಿ ಕಟ್ಟಿರುತ್ತಾರೆ. ಇಲ್ಲಿ ಮೂರು ಸುತ್ತು. ರಸ್ತೆಯಿಂದ ಇಳಿದ ಮಳೆನೀರು ನಡುವಿನ ಗಚ್ಚು, ಅಂದರೆ ಸುಣ್ಣದ ಗಾರೆ, ತೊಳೆದುಬಿಟ್ಟಿತ್ತು. ಹಿಂದೆ ಯಾರೋ ಕೆಳಗಿನ ಸಂದಿಗೆಲ್ಲ ಸಿಮೆಂಟ್ ಮೆತ್ತಿದ್ದರು. ನೀರಿಗೆ ಹೊರಬರಲು ದಾರಿಯಿಲ್ಲದೆ ಇಟ್ಟಂಗಿಯ ಮುಖವೇ ಪದರು ಪದರಾಗಿ ಉದುರಿತ್ತು. ಸಿಮೆಂಟ್ ಮಾತ್ರ ಜೇನುಗೂಡಿನ ಗೋಡೆಯ ಹಾಗೆ ಚಾಚಿಕೊಂಡು ನಿಂತಿತ್ತು.

ದೊಡ್ಡ ತಪ್ಪು ಮಾಡಿದ್ದು ನಾನೇ. ಮೇಲಿನ ಮಣ್ಣನ್ನು ಒಂದೇ ದಡದಿಂದ ತೆಗೆಸುತ್ತ ಬಂದೆ. ಎರಡನೇ ದಿನ ನೆತ್ತಿಯ ಹತ್ತಿರ ಕೂದಲೆಳೆಯಷ್ಟು ಬಿರುಕು! ಚಾಚಾ ಕೆಂಡವಾದರು. “ಬಂಡಿ ಹಿಂದಿನ ಹೇರು ಅಷ್ಟೇ ಇಳಿಸಿದ್ರ ಮೂಕಿ ನೆಲಕ್ಕ ಬಡಿಯೋದಿಲ್ಲೇನ್ರಿ?” ಕಮಾನು ನಿಲ್ಲೋದೇ ಎರಡೂ ಕಡೆಯ ಭಾರದ ಮೇಲೆ, ಅಲ್ವಾ? ಓದಿದ್ದೆ, ಮರೆತಿದ್ದೆ. ಇಂಗ್ಲೆಂಡಿನ ಥೇಮ್ಸ್ ನದಿಯ ಮೇಲೆ ಎಂಜಿನಿಯರ್ ಬ್ರುನೆಲ್ ಕಟ್ಟಿಸಿದ ಮೇಡನ್‌ಹೆಡ್ ಬ್ರಿಜ್‌ನ ಇಟ್ಟಂಗಿ ಕಮಾನುಗಳು 128 ಅಡಿ ಅಗಲ, ಬುಡದಿಂದ ನೆತ್ತಿಗೆ ಏರು ಬರೀ 24 ಅಡಿ. ಬೀಳುತ್ತೆ ಅಂತ ಹೆದರಿದ್ದರಂತೆ. 1839ರಿಂದ ಇವತ್ತಿನವರೆಗೂ ಅದರ ಮೇಲೆ ರೈಲು ಓಡುತ್ತಿದೆ. ನಾನು 12 ಅಡಿಯದ್ದನ್ನೇ ಬೀಳಿಸಲು ಹೊರಟಿದ್ದೆ. ಅವತ್ತೇ ಕೆಳಗೆ ಸೆಂಟ್ರಿಂಗ್ ಕೊಟ್ಟು, ಆಮೇಲೆ ಎರಡೂ ಕಡೆ ಸಮವಾಗಿ, ಬುಟ್ಟಿಗೆ ಬುಟ್ಟಿ ಎಣಿಸಿ ಮಣ್ಣು ಇಳಿಸಿದೆವು.

ಕಮಾನಿನ ಬೆನ್ನು ಕಂಡಾಗ ಇನ್ನೊಂದು ಗುಟ್ಟು ಹೊರಬಿತ್ತು. ಪೂರ್ವದ ಕಮಾನಿನದು ತೆಳು ಇಟ್ಟಂಗಿ, ಎರಡು ಇಂಚೂ ದಪ್ಪವಿಲ್ಲ. ಪಶ್ಚಿಮದ್ದು 9 ಇಂಚು ಉದ್ದದ, ದಪ್ಪ ಇಟ್ಟಂಗಿ. ಅಂದರೆ ಒಂದು ಕಮಾನು ಯಾವಾಗಲೋ ಹೊಳ್ಳಿ ಕಟ್ಟಿದ್ದು. ಸೊಲ್ಲಾಪುರದಿಂದ ರಾಯಚೂರಿಗೆ ರೈಲು ದಾರಿ ಕೂಡಿದ್ದು 1871ರಲ್ಲಿ, ವಾಡಿಯಿಂದ ಹೈದರಾಬಾದಿಗೆ 1874ರಲ್ಲಿ. 9 ಇಂಚಿನ ಅಳತೆ ಈ ಕಡೆ ರೂಢಿಯಾಗಿದ್ದು ಆ ಕೆಲಸದಿಂದಲೇ, ಹಾಗಾಗಿ ಹೊಳ್ಳಿ ಕಟ್ಟಿದ್ದು ಪಶ್ಚಿಮದ್ದೇ ಅನ್ನೋದು ನನ್ನ ಲೆಕ್ಕ. ಶಹಾಬಾದ್ ಫರಸಿಯ ನಾಡಿನಲ್ಲಿ ಇಟ್ಟಂಗಿ ಯಾಕೆ ಅಂತಲೂ ಆಗ ತಿಳಿಯಿತು. ಕಂಬಗಳೆಲ್ಲ ಕಲ್ಲಿನವೇ. ಕಮಾನಿಗೆ ಮಾತ್ರ ಇಟ್ಟಂಗಿ, ಯಾಕಂದ್ರೆ ಕಲ್ಲನ್ನು ಓರೆಯಾಗಿ ಕೆತ್ತಬೇಕು. ಇಟ್ಟಂಗಿಗೆ ಆ ಕೆಲಸವಿಲ್ಲ. ಗಚ್ಚು ಕೆಳಗೆ ತೆಳು, ಮೇಲೆ ದಪ್ಪ ಹಚ್ಚಿದರೆ ಬಾಗು ತಾನೇ ಬರುತ್ತದೆ.

ಸುಣ್ಣ 15 ದಿನ ನೆನೆಸಿಟ್ಟೆವು. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಇಟ್ಟಂಗಿ ಪುಡಿ), ಎರಡು ಪಾಲು ಮರಳು. ಬಿಟ್ಟ ಸುತ್ತುಗಳ ನಡುವೆ ಅದನ್ನೇ ತೆಳ್ಳಗೆ ಮಾಡಿ ಇಳಿಸಿದೆವು. ಹಳೇ ಸಿಮೆಂಟ್ ಕೆತ್ತಿ ತೆಗೆಯೋಕೇ ಜಾಸ್ತಿ ದಿನ ಹಿಡಿಯಿತು. ಒದ್ದೆ ಗೋಣಿಚೀಲ ಹೊದಿಸಿ, ದಿನಾ ನೀರು ಹೊಡೆದೆವು.

ಮಳೆಗಾಲ ಮುಗಿದ ಮೇಲೆ ಹೋಗಿ ಬಡಿದು ನೋಡಿದೆವು. ಪೂರ್ವದ್ದು ಪೂರಾ ಟಣ್. ಪಶ್ಚಿಮದಲ್ಲಿ ಇನ್ನೂ ಎರಡು ಕಡೆ ಡಬ್ ಅನ್ನುತ್ತದೆ. ಚಾಚಾ ಅಲ್ಲಿ ಸುಣ್ಣದ ಬೊಟ್ಟು ಇಟ್ಟು ಬಂದಿದ್ದಾರೆ.