ಓಣಿಯ ಹಿಂದೆ ಹದಿನಾಲ್ಕು ಅಂತಸ್ತು ಏಳುವಾಗ: ಆಕ್ಷೇಪಣೆ ಬರೆಯುವ ಬಗೆ

ಹೋದ ವರ್ಷ ದೀಪಾವಳಿ ಮುಗಿದ ವಾರ ನಮ್ಮ ಬಡಾವಣೆಯ ಹಿಂದಿನ ಹೊಲಕ್ಕೆ ತಗಡಿನ ಬೇಲಿ ಬಿತ್ತು. ತೊಗರಿ ಇನ್ನೂ ಹೂವಿನಲ್ಲಿತ್ತು, ಹಾಗೇ ಉರುಳಿಸಿದರು. ಮರುದಿನ ಫಲಕ ಎದ್ದಿತು: ಹದಿನಾಲ್ಕು ಅಂತಸ್ತು, 160 ಮನೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ರಿಂಗ್ ರಸ್ತೆ ದಾಟಿ ಒಳಗೆ ಬಂದರೆ ನಮ್ಮ ಬಡಾವಣೆ. ಇಲ್ಲಿ ಎರಡು ಅಂತಸ್ತಿಗಿಂತ ಎತ್ತರದ ಮನೆ ಒಂದೂ ಇಲ್ಲ.

ಆ ಸಂಜೆ ಹನುಮಾನ ಗುಡಿಯ ಕಟ್ಟೆಗೆ ಬಂದವರಲ್ಲಿ ಅರ್ಧ ಜನ ಸಿಟ್ಟಿನಲ್ಲಿದ್ದರು. ಕೆಲವರಿಗೆ ತಮ್ಮ ಪ್ಲಾಟಿನ ರೇಟು ಏರುತ್ತದೆಂಬ ಆಸೆ. ಉಳಿದವರದು "ನಮ್ಮಿಂದ ಏನಾಗ್ತದ ಬಿಡ್ರಿ" ಎಂಬ ಮಾತು. ಕಿರಾಣಿ ಅಂಗಡಿಯ ಕಾಕಾ ನನ್ನ ಕಡೆ ತಿರುಗಿ, "ಮೇಡಂ, ನೀವು ಲೆಕ್ಕ ಕಲಿಸಿದವರು. ನೀವೇ ಬರೀರಿ, ನಾವು ಸಹಿ ಹಾಕ್ತೀವಿ" ಎಂದರು. ಸರ್ಕಾರಿ ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಕಲಿಸಿದ್ದೇನೆ, ಆದರೆ ಆಕ್ಷೇಪಣೆ ಬರೆದವಳಲ್ಲ. ಆಮೇಲಿನ ಎಂಟು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಇಡುತ್ತಿದ್ದೇನೆ. ಹುಮನಾಬಾದ್ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಎಲ್ಲ ಕಡೆಯೂ ಊರು ಹೊಲಕ್ಕಿಳಿಯುತ್ತಿದೆ. ನಾಳೆ ನಿಮ್ಮ ಓಣಿಗೂ ಇದು ಬೇಕಾದೀತು.

ಮೊದಲು ಹೊಡೆದುಹಾಕುವ ಸಾಲುಗಳು

ಮೊದಲ ರಾತ್ರಿ ಎಲ್ಲರೂ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಒಂಬತ್ತು ಅಂಶಗಳಾದವು. ಅದರಲ್ಲಿ ಒಂದು: "ಯಾರ್ಯಾರೋ ಬಂದು ಸೇರ್ತಾರ, ನಮ್ಮ ಹೆಣ್ಮಕ್ಕಳು ಓಡಾಡೂದು ಹ್ಯಾಂಗ?" ಬೆಳಿಗ್ಗೆ ಎದ್ದು ಮೊದಲು ಆ ಸಾಲನ್ನೇ ಹೊಡೆದೆ. 1988ರಲ್ಲಿ ನೌಕರಿ ಸಿಕ್ಕಿ ಈ ಊರಿಗೆ ಒಬ್ಬಳೇ ಬಂದಾಗ ಏಳು ಮನೆಯವರು ನನಗೆ ಬಾಡಿಗೆ ಕೊಡಲಿಲ್ಲ. ಕೆಲವರು ಜಾತಿ ಕೇಳಿದರು, ಕೆಲವರು "ಒಬ್ಬಾಕೀಗಿ ಹ್ಯಾಂಗ ಕೊಡೂದು" ಎಂದರು. ಆ ಫ್ಲ್ಯಾಟುಗಳಿಗೆ ಬರುವವರು ನನ್ನ ಹಾಗೆ ಮನೆ ಹುಡುಕುತ್ತಿರುವವರೇ. ಅವರ ಮೇಲೆ ಒಂದಕ್ಷರ ಬರೆದರೂ ನಾನು ಸಹಿ ಹಾಕುವುದಿಲ್ಲ ಎಂದೆ. ಅಧಿಕಾರಿ ಅರ್ಜಿಯನ್ನು ಪಕ್ಕಕ್ಕಿಡಲು ಅಂಥ ಒಂದು ಸಾಲು ಸಾಕು, ಅದು ಬೇರೆ ಮಾತು.

ಇನ್ನೊಂದು, ನೆರಳು. "ನಮಗೆ ಬಿಸಿಲೇ ಬೀಳಂಗಿಲ್ಲ" ಎಂದು ಬರೆಯಲು ಹೇಳಿದರು. ಲೆಕ್ಕ ಹಾಕಿದೆ. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ. ಮೇ ತಿಂಗಳ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಆಗ ಕಟ್ಟಡದ ನೆರಳು ಅದರ ಬುಡ ಬಿಟ್ಟು ಆಚೆ ಬರುವುದಿಲ್ಲ. ಡಿಸೆಂಬರ್ ಕೊನೆಗೆ ಸೂರ್ಯ ಸುಮಾರು 49 ಡಿಗ್ರಿಯಷ್ಟೇ ಏರುವುದರಿಂದ 45 ಮೀಟರ್ ಎತ್ತರದ ಕಟ್ಟಡ ಉತ್ತರಕ್ಕೆ ಸುಮಾರು 39 ಮೀಟರ್ ನೆರಳು ಚಾಚುತ್ತದೆ. ಅಂದರೆ ಉತ್ತರದ ಸಾಲಿನ ಆರು ಮನೆಗಳ ಸೋಲಾರ್ ಹೀಟರಿಗೆ, ಬಿಸಿನೀರು ಬೇಕಾಗುವ ಚಳಿಗಾಲದಲ್ಲೇ ತೊಂದರೆ. ಅಷ್ಟನ್ನೇ ಬರೆದೆವು: ಮನೆ ನಂಬರು, ತಿಂಗಳು, ಅಳತೆ. ಬಿಸಿಲಿಗೆ ಬೇಯುವ ಊರಿನವರು ನೆರಳು ಬೇಡವೆಂದರೆ ಯಾರು ನಂಬುತ್ತಾರೆ?

ಮಾಳಿಗೆಯ ಮಾತನ್ನು ಮಾತ್ರ ಬಿಡಬೇಡಿ. ಏಪ್ರಿಲ್–ಮೇ ತಿಂಗಳು ನಾವು ಹಪ್ಪಳ, ಸಂಡಿಗೆ, ಶಾವಿಗೆ ಒಣಹಾಕುವುದು ಅಲ್ಲೇ, ರಾತ್ರಿ ಮಲಗುವುದೂ ಅಲ್ಲೇ. ಹದಿನಾಲ್ಕು ಬಾಲ್ಕನಿ ಸಾಲುಗಳು ಅದರ ಮೇಲೆ ಕಣ್ಣಿಡುವಂತಾದರೆ ಹೆಂಗಸರಿಗೆ ಮಾಳಿಗೆ ಹೋದಂತೆಯೇ. ಇದನ್ನು ಬರೆಯಲು ಗಂಡಸರು ಸಂಕೋಚಪಟ್ಟರು, ನಾವು ಹೆಂಗಸರು ಬರೆದೆವು. ನಮ್ಮ ಕಡೆಗೆ ಬಾಲ್ಕನಿ ಬದಲು ಎತ್ತರದ ಕಿಟಕಿ ಇಡಿ ಎಂದು ಪರಿಹಾರವನ್ನೂ ಸೂಚಿಸಿದೆವು.

ಟೇಪು ಹಿಡಿದು ರಸ್ತೆಗಿಳಿಯಿರಿ

ಎಷ್ಟು ಎತ್ತರ, ಎಷ್ಟು ಚದರಡಿ ಕಟ್ಟಬಹುದು ಎಂಬುದು ಮುಂದಿನ ರಸ್ತೆ ಎಷ್ಟು ಅಗಲ ಎಂಬುದಕ್ಕೆ ಕಟ್ಟುಬಿದ್ದಿದೆ. ಹಾಗಾಗಿ ಮೊದಲ ಕೆಲಸ ರಸ್ತೆ ಅಳೆಯುವುದು. ನಮ್ಮ ರಸ್ತೆ ಕಾಗದದಲ್ಲಿ 30 ಅಡಿ. ಗಟಾರದಿಂದ ಗಟಾರಕ್ಕೆ ಅಳೆದರೆ ಒಂದು ಕಡೆ 27, ಟ್ರಾನ್ಸ್‌ಫಾರ್ಮರ್ ಇರುವಲ್ಲಿ 22. ಟೇಪಿನ ಅಂಕಿ ಕಾಣುವಂತೆ, ತಾರೀಖು ಬೀಳುವಂತೆ ಫೋಟೊ ತೆಗೆಯಿರಿ. ಮೂರು ಜಾಗದಲ್ಲಾದರೂ ಅಳೆಯಿರಿ, ಅತಿ ಕಿರಿದಾದ ಜಾಗ ತಪ್ಪಿಸಬೇಡಿ. ಹಾಗೇ ನಿಮ್ಮದೇ ಮೆಟ್ಟಿಲು ರಸ್ತೆಗೆ ಚಾಚಿದ್ದರೆ ಅದನ್ನು ಮೊದಲು ಒಡೆಸಿ. ನಮ್ಮಲ್ಲಿ ಇಬ್ಬರು ಒಡೆಸಿದರು. ನಿವೃತ್ತ ಪಿಎಸ್‌ಐ ಮಾಮಾ ತಮ್ಮ ಮನೆಯ ಶಹಾಬಾದ್ ಫರಸಿಯ ಕಟ್ಟೆಯನ್ನು ತಾವೇ ಕಿತ್ತರು.

ಆಮೇಲೆ ನೀರು. ಕಲಬುರಗಿಗೆ ನೀರು ಬರುವುದು ಭೀಮಾ ನದಿಯಿಂದ ಮತ್ತು ಬೆಣ್ಣೆತೊರಾ ಜಲಾಶಯದಿಂದ. ನಮ್ಮ ಓಣಿಯ ನಳಕ್ಕೆ ಅದು ಬರುವ ದಿನವನ್ನು ನಾವು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯುತ್ತೇವೆ. 160 ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಅಳತೆ ಹಿಡಿದರೆ 1,08,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 22. ಅದರ ಶೇ. 80 ಭಾಗ ಹೊಲಸು ನೀರಾಗಿ ಹೊರಗೆ ಬರುತ್ತದೆ, ಸುಮಾರು 86,000 ಲೀಟರ್. ಮಳೆಗಾಲದಲ್ಲಿ ಈಗಲೇ ಉಕ್ಕುವ ಗಟಾರ ಇದನ್ನು ಹೊರುವುದು ಹೇಗೆ? "ನೀರಿನ ಸಮಸ್ಯೆ ಆಗುತ್ತದೆ" ಎಂಬ ಸಾಲಿಗೆ ತಲೆಯಾಡಿಸಿ ಮುಂದೆ ಹೋಗುವವರೂ ಈ ಗುಣಾಕಾರಕ್ಕೆ ಉತ್ತರ ಹುಡುಕಬೇಕಾಗುತ್ತದೆ.

ಯಾವ ಬಾಗಿಲು ಬಡಿಯಬೇಕು

ಹೆಚ್ಚು ಜನ ಎಡವುವುದು ಇಲ್ಲೇ. ನಾವೂ ಒಂದು ತಿಂಗಳು ಕಳೆದುಕೊಂಡೆವು. ಪಹಣಿ ತೆಗೆಸಿ, ಸರ್ವೆ ನಂಬರು ಹಿಡಿದು, ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಆ ಜಾಗ ಮಹಾಯೋಜನೆಯ (ಊರಿನ ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಏನಾಗಿದೆ ನೋಡಿ. ಅದು ಕೃಷಿ ಅಥವಾ ಬೇರೆ ವಲಯದಲ್ಲಿದ್ದು ವಸತಿಗೆ ಬದಲಿಸಲು ಅರ್ಜಿ ಬಿದ್ದಿದ್ದರೆ, ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14ಎ ಕಲಮಿನಂತೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಲೇಬೇಕು. ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ನಮ್ಮ ಓಣಿಯಲ್ಲಿ ಈಗ ಪಾಳಿ ಹಾಕಿಕೊಂಡು ಪತ್ರಿಕೆ ಓದುತ್ತೇವೆ.

ಜಾಗ ಮೊದಲೇ ವಸತಿ ವಲಯದಲ್ಲಿದ್ದು ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದ್ದರೆ ಆ ಬಾಗಿಲು ಮುಚ್ಚಿದೆ. ನಮ್ಮದು ಹಾಗೇ ಆಗಿತ್ತು. ಆಗ "ಕಟ್ಟಲೇಬೇಡಿ" ಎಂದು ಹಟ ಹಿಡಿದರೆ ಏನೂ ಸಿಗುವುದಿಲ್ಲ; ಯಾವ ಷರತ್ತಿನ ಮೇಲೆ ಕಟ್ಟಬೇಕು ಎಂಬುದಕ್ಕೆ ಜಗಳವಾಡಬೇಕು. ಈ ಮಾತು ಕಟ್ಟೆಯ ಮೇಲೆ ಹೇಳಿದ ದಿನ ನನ್ನನ್ನು ಬಿಲ್ಡರ್ ಕಡೆಯವಳೆಂದವರೂ ಇದ್ದಾರೆ. ನೋವಾಯಿತು. ಆದರೂ ಅದೇ ನಿಜ.

ಪರಿಸರ ಇಲಾಖೆಯ ವಿಚಾರಣೆಯಲ್ಲಿ ಹೇಳುತ್ತೇವೆ ಎಂದು ಕಾಯುತ್ತ ಕೂರಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಮುಟ್ಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು, ಆದರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ವಿಚಾರಣೆಯಿಂದ ವಿನಾಯಿತಿ ಇದೆ. ಆ 20,000ದಲ್ಲಿ ನೆಲಮಾಳಿಗೆ, ಸರ್ವೀಸ್ ಜಾಗ ಎಲ್ಲ ಸೇರುತ್ತವೆ. ಆದ್ದರಿಂದ ಕಟ್ಟಡದ ನಕ್ಷೆ ಕೈಗೆ ಸಿಕ್ಕ ಕೂಡಲೇ ಅಂತಸ್ತು ಅಂತಸ್ತಾಗಿ ನೀವೇ ಕೂಡಿಸಿ ನೋಡಿ. ಅನುಮತಿ ಹೊರಬಿದ್ದ ಮೇಲೆ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಲು ಇರುವುದು 30 ದಿನ. ಹೈಕೋರ್ಟಿಗಾದರೆ ಬೆಂಗಳೂರಿಗೆ ಓಡಬೇಕಿಲ್ಲ, 2008ರಿಂದ ನಮ್ಮೂರಲ್ಲೇ ಪೀಠವಿದೆ.

ನಮ್ಮ ಸೇಡಂ ರಸ್ತೆಯವರಿಗೆ ಇನ್ನೊಂದು ಕಾಗದ ಮುಖ್ಯ. 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಈ ಕಡೆ ಎತ್ತರದ ಕಟ್ಟಡಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೇಳಬೇಕು. ಅದರಲ್ಲಿ ಬರೆದಿರುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದು. ಜಾಗದ ಎತ್ತರ ಕಳೆದರೆ ಕಟ್ಟಡಕ್ಕೆ ಉಳಿಯುವುದೆಷ್ಟು ಎಂದು ಗೊತ್ತಾಗುತ್ತದೆ. ಅಗ್ನಿಶಾಮಕ ಇಲಾಖೆಯ ಎನ್‌ಒಸಿಯನ್ನೂ ಕೇಳಿ. 22 ಅಡಿಯ ಆ ತಿರುವಿನಲ್ಲಿ ದೊಡ್ಡ ವಾಹನ ಹೊರಳುತ್ತದೆಯೇ ಎಂದು ಫೋಟೊ ಅಂಟಿಸಿ ಪ್ರಶ್ನೆ ಹಾಕಿ. ಇದು ಮೇಲಿನ ಅಂತಸ್ತುಗಳಲ್ಲಿ ಮಲಗಲಿರುವವರ ಜೀವದ ಪ್ರಶ್ನೆ, ಅದನ್ನು ಹಾಗೆಂದೇ ಬರೆಯಿರಿ.

ಇವೆಲ್ಲ ಸಿಗುವುದು ಮಾಹಿತಿ ಹಕ್ಕಿನಲ್ಲಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಕೊಟ್ಟಿರಿ" ಎಂದು ಕೇಳಬೇಡಿ, "ಇಂಥ ಆದೇಶದ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಅಲ್ಲಿಯವರೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣ ತೆರೆದು ನೋಡಿ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆ ಅಲ್ಲಿ ನೋಂದಣಿಯಾಗದೆ ಮಾರಾಟಕ್ಕಿಳಿಯುವಂತಿಲ್ಲ, ಮಂಜೂರಾದ ನಕ್ಷೆ ಅಲ್ಲೇ ಸಿಕ್ಕೀತು.

ಅರ್ಜಿ

ಒಂದೇ ಅರ್ಜಿಗೆ ಇನ್ನೂರು ಸಹಿ ಹಾಕಿದರೆ ಅದು ಒಂದೇ ಅರ್ಜಿ. ಪ್ರತಿ ಮನೆಯವರೂ ತಮ್ಮ ಮನೆಯ ತೊಂದರೆಯನ್ನು ಒಂದು ಪುಟದಲ್ಲಿ ಬರೆಯಲಿ. ಬಾಡಿಗೆಯವರೂ ಬರೆಯಲಿ. ಬರೆಯಲು ಬಾರದ ಅವ್ವಂದಿರು ಹೇಳಲಿ, ಮೊಮ್ಮಕ್ಕಳು ಬರೆದುಕೊಡಲಿ. ಮೂರು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ನಮ್ಮ ಮೊದಲ ಅರ್ಜಿಯನ್ನು "ಇಟ್ ಹೋಗ್ರಿ" ಎಂದ ಮಾತು ನಂಬಿ ಕೊಟ್ಟು ಬಂದಿದ್ದೆವು. ಎರಡು ತಿಂಗಳಾದ ಮೇಲೆ ಅಂಥ ಅರ್ಜಿಯೇ ಬಂದಿಲ್ಲ ಎಂದರು.

ಅಗೆಯುವ ಮೊದಲು ಗೋಡೆ ನೋಡಿ

ನಮ್ಮ ನೆಲ ಎರೆ ಮಣ್ಣು. ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಹಳೆ ಮನೆಗಳಲ್ಲಿ ಬಿರುಕಿಲ್ಲದ ಗೋಡೆ ಕಡಿಮೆ. ನನ್ನ ತಂಗಿಯ ಮನೆ ಪಕ್ಕ ನೆಲಮಾಳಿಗೆಗೆ ಆಳ ಅಗೆದಾಗ ಅವಳ ಅಡುಗೆಮನೆಯ ಗೋಡೆ ಸೀಳಿತು. "ಅದು ಮೊದಲಿಂದ್ಲೇ ಇತ್ತು" ಎಂದುಬಿಟ್ಟರು. ಅವಳ ಬಳಿ ಹಳೆಯ ಫೋಟೊ ಒಂದೂ ಇರಲಿಲ್ಲ.

ಜೆಸಿಬಿ ಬರುವ ಮೊದಲೇ ಮನೆಯ ಎಲ್ಲ ಗೋಡೆಗಳ ಫೋಟೊ ತೆಗೆಯಿರಿ, ಇರುವ ಬಿರುಕಿನ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟು ತೆಗೆಯಿರಿ. ದೊಡ್ಡ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಪ್ಲಾಸ್ಟರ್ ಹಚ್ಚಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಗಾಜಿನ ಅಂಗಡಿಯವರು ಎಸೆಯುವ ಚೂರುಗಳಲ್ಲೇ ನಾವು ಇಪ್ಪತ್ತಾರು ಮನೆಗಳಿಗೆ ಪಟ್ಟಿ ಮಾಡಿಕೊಂಡೆವು. ಆಮೇಲೆ ಆ ಫೋಟೊಗಳ ಒಂದು ಕಟ್ಟನ್ನು ಬಿಲ್ಡರಿಗೂ ಕೊಟ್ಟು ಸಹಿ ತೆಗೆದುಕೊಂಡೆವು.

ಆ ಸಹಿಯ ದಿನವೇ ಮಾತುಕತೆ ಶುರುವಾದದ್ದು. ಮೂರು ಬಾರಿ ಕೂತೆವು. ಲಾರಿಗಳು ನಮ್ಮ ಓಣಿ ಬಿಟ್ಟು ಬೇರೆ ದಾರಿ ಹಿಡಿದವು, ಮುಖ್ಯ ಗೇಟು ರಿಂಗ್ ರಸ್ತೆಯ ಕಡೆ ಹೊರಳಿತು, ಉತ್ತರದ ಬಾಲ್ಕನಿಗಳು ನಕ್ಷೆಯಿಂದ ಹೋದವು, ರಾತ್ರಿ ಹತ್ತರ ಮೇಲೆ ಕಾಂಕ್ರೀಟ್ ಕೆಲಸ ನಿಂತಿತು. ಒಪ್ಪಿದ್ದೆಲ್ಲವನ್ನೂ ಬರೆಸಿಕೊಂಡಿದ್ದೇವೆ. ಹದಿನಾಲ್ಕು ಅಂತಸ್ತಿನಲ್ಲಿ ಒಂದೂ ಕಡಿಮೆಯಾಗಲಿಲ್ಲ. ನೀರೆಲ್ಲಿಂದ ಎಂಬುದಕ್ಕೆ "ಬೋರು ಹಾಕ್ತೀವಿ" ಎಂಬ ಉತ್ತರ ಬಂದಿದೆ. ಅದಕ್ಕೆ ಅಂತರ್ಜಲ ಕಾಯ್ದೆ 2011ರ ಪ್ರಕಾರ ಏನು ಅನುಮತಿ ಪಡೆದಿದ್ದಾರೆಂದು ಹೊಸ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ, 142 ಪದ. ನನ್ನ ಅಡುಗೆಮನೆಯ ಗಾಜಿನ ಪಟ್ಟಿಯನ್ನು ತಿಂಗಳ ಮೊದಲ ತಾರೀಖು ನೋಡುತ್ತೇನೆ. ಈ ತಿಂಗಳೂ ಒಡೆದಿಲ್ಲ.