ಸವಳು ಮಣ್ಣಲ್ಲಿ ಕೆಂಪು ಬಳ್ಳಿ ಗುಲಾಬಿ: ಗಂಗಾವತಿಯ ನನ್ನ ಅನುಭವ

ನಮ್ಮೂರಲ್ಲಿ ಗುಲಾಬಿ ಗಿಡ ಒಣಗಿದರೆ ಎಲ್ಲರೂ ಬಿಸಿಲನ್ನೇ ಬೈಯುತ್ತಾರೆ. ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುವ ಊರು, ಬೈಯೋದಕ್ಕೆ ಬಿಸಿಲು ಕೈಗೆ ಸಿಕ್ಕೇ ಸಿಗುತ್ತದೆ. ಆದರೆ ನಾನು ಕಂಡಂತೆ ಗಂಗಾವತಿ ಸುತ್ತಮುತ್ತ ಗುಲಾಬಿಯನ್ನು ಬಿಸಿಲಿಗಿಂತ ಜಾಸ್ತಿ ಕೊಲ್ಲುವುದು ಉಪ್ಪು. ನಮ್ಮ ಬಡಾವಣೆ ಮೊದಲು ಭತ್ತದ ಗದ್ದೆಯಾಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ವರ್ಷಗಟ್ಟಲೆ ನಿಂತು ನಿಂತು ಈ ಕಡೆಯ ಎಷ್ಟೋ ಎರೆ (ಕಪ್ಪು) ಭೂಮಿ ಉಪ್ಪೇರಿ ಸವಳಾಗಿದೆ. ಬೇಸಿಗೆಯಲ್ಲಿ ಖಾಲಿ ಸೈಟುಗಳ ಮೇಲೆ ಬೆಳ್ಳಗೆ ಪುಡಿ ಎದ್ದಿರುತ್ತದಲ್ಲ, ಅದೇ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆಯೇ ಬಹಳ ಕಾಲದಿಂದ ಕೆಲಸ ನಡೆಯುತ್ತಿದೆ ಅಂದರೆ ಸಮಸ್ಯೆ ಎಷ್ಟು ದೊಡ್ಡದು ಅಂತ ತಿಳಿಯಬಹುದು.

ಮಜಾ ಅಂದರೆ, ಕುಮಟಾದಲ್ಲಿರುವ ನನ್ನ ತಂಗಿಯ ಮನೆಯಲ್ಲೂ ನನ್ನಲ್ಲಿರುವ ಕೆಂಪು ಬಳ್ಳಿ ಗುಲಾಬಿಯೇ ಇದೆ, ಅವಳದೂ ಉಪ್ಪಿನದೇ ಮಾತು. ಅಲ್ಲಿ ಉಪ್ಪು ಕಡಲ ಗಾಳಿಯಲ್ಲಿ ಬಂದು ಎಲೆಯ ಮೇಲೆ ಕೂರುತ್ತದೆ. ಅವಳು ಗಾಳಿಗೆ ಅಡ್ಡವಾಗಿ ದಾಸವಾಳದ ಬೇಲಿ ಹಾಕಿದ್ದಾಳೆ, ಪೈಪು ಹಿಡಿದು ಎಲೆ ತೊಳೆಯುತ್ತಾಳೆ. ಜೂನ್ ಬಂತೆಂದರೆ ಮಳೆಯೇ ಎಲ್ಲ ತೊಳೆದು ಹಾಕುತ್ತದೆ, ಆಮೇಲೆ ಎಲೆಗೆ ಕಪ್ಪು ಚುಕ್ಕೆ ರೋಗ ಶುರು. ನನಗೆ ಆ ರೋಗದ ಕಾಟ ಕಡಿಮೆ. ಆದರೆ ನಮ್ಮ ಉಪ್ಪು ಬೇರಿನಲ್ಲಿದೆ, ಮಳೆಯೂ ಅಷ್ಟಿಲ್ಲ. "ನಿನ್ನ ಉಪ್ಪು ತೊಳೆದರೆ ಹೋಗ್ತದೆ, ನನ್ನದು ಹೋಗಲ್ಲ ಕಣೇ" ಅಂತ ಫೋನಲ್ಲಿ ಹೇಳುತ್ತಿರುತ್ತೇನೆ.

ನಾನು ಬೆಳೆಸಿದ್ದು ಕ್ರಿಮ್ಸನ್ ಗ್ಲೋರಿ ಎಂಬ ತಳಿಯ ಬಳ್ಳಿ ರೂಪ. ಇದರ ಪೊದೆ ಗಿಡವನ್ನು ಜರ್ಮನಿಯ ಗುಲಾಬಿ ತಳಿಗಾರ ಕೊರ್ಡೆಸ್ 1935ರಲ್ಲಿ ಹೊರತಂದರು. 1961ರಲ್ಲಿ ಅಮೆರಿಕದಲ್ಲಿ ಗುಲಾಬಿಯ ಪರಿಮಳಕ್ಕೇ ಅಂತ ಗ್ಯಾಂಬಲ್ ಪದಕ ಶುರುವಾದಾಗ ಮೊದಲು ಸಿಕ್ಕಿದ್ದು ಇದಕ್ಕೇ. ಪೊದೆಯಲ್ಲಿ ಇದರ ಕತ್ತು ಬಗ್ಗುತ್ತದೆ, ಹೂ ನೆಲ ನೋಡುತ್ತದೆ, ಅದೊಂದು ಕೊರತೆ ಅಂತ ಬೈಯುವವರಿದ್ದಾರೆ. ಬಳ್ಳಿಯಲ್ಲಿ ಅದೇ ಲಾಭ. ತಲೆಗಿಂತ ಮೇಲೆ ಅರಳಿದ ಹೂ ಬಗ್ಗಿ ನಮ್ಮ ಮುಖಕ್ಕೇ ಬರುತ್ತದೆ. ಬಣ್ಣ ದಟ್ಟ ಕೆಂಪು, ಮುಟ್ಟಿದರೆ ಮಖಮಲ್ಲು. ಬೇಸಿಗೆಯಲ್ಲಿ ಮಾತ್ರ ಕೆಂಪು ಕೆಟ್ಟು ನೇರಳೆಗೆ ತಿರುಗುತ್ತದೆ. ಅದು ಈ ತಳಿಯ ಗುಣ, ಔಷಧಿ ಹೊಡೆದು ಪ್ರಯೋಜನವಿಲ್ಲ.

ನರ್ಸರಿಯಲ್ಲಿ ಎಲ್ಲರೂ ಹೂ ನೋಡಿ ಗಿಡ ಕೊಳ್ಳುತ್ತಾರೆ. ನಾನು ಕೇಳುವುದು ಕೆಳಗಿನ ಬೇರು ಯಾವುದು ಅಂತ. ಗುಲಾಬಿಯನ್ನು ಕಾಡು ಗುಲಾಬಿಯ ಬೇರಿನ ಮೇಲೆ ಕಸಿ ಕಟ್ಟಿರುತ್ತಾರೆ. ಬೆಂಗಳೂರು ಕಡೆಯಿಂದ ಬರುವ ಗಿಡಗಳಲ್ಲಿ ಸಾಮಾನ್ಯವಾಗಿ ಮಲ್ಟಿಫ್ಲೋರಾ ಬೇರು ಇರುತ್ತದೆ. ಅದು ಹುಳಿ ಗುಣದ ಕೆಂಪು ಮಣ್ಣಿಗೆ ಚೆನ್ನ, ನಮ್ಮ ಕ್ಷಾರದ ಎರೆ ಮಣ್ಣಿಗೆ ಬಂದರೆ ಎಲೆ ಹಳದಿ. ಉತ್ತರ ಭಾರತದಲ್ಲಿ ಬಳಸುವ ಇಂಡಿಕಾ ಒಡೊರಾಟಾ ಬೇರು ಕ್ಷಾರವನ್ನು ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಕೇಳಿ ತರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಕಸಿ ಗಂಟಿನ ಕೆಳಗಿಂದ ಚಿಗುರು ಬಂದರೆ ಕತ್ತರಿಸಬೇಡಿ, ಮಣ್ಣು ಸರಿಸಿ ಬುಡದಿಂದಲೇ ಕಿತ್ತು ಹಾಕಿ. ಕತ್ತರಿಸಿದರೆ ಒಂದಿದ್ದದ್ದು ಎರಡಾಗುತ್ತದೆ.

ನನಗಿರುವ ಜಾಗ ಮನೆಗೂ ಕಾಂಪೌಂಡಿಗೂ ನಡುವಿನ ನಾಲ್ಕು ಅಡಿ ಓಣಿ, ಅಷ್ಟೇ. ಪೂರ್ವದ ಗೋಡೆ ಆರಿಸಿಕೊಂಡೆ. ಬೆಳಗಿನ ಬಿಸಿಲು ಪೂರ್ತಿ, ಮಧ್ಯಾಹ್ನದ ಮೇಲೆ ಮನೆಯದೇ ನೆರಳು. ಪಶ್ಚಿಮದ ಗೋಡೆ ನಮ್ಮ ಕಡೆ ಬೇಡವೇ ಬೇಡ, ಸಂಜೆ ಏಳಕ್ಕೂ ಕಾವು ಉಗುಳುತ್ತಿರುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದುಕೊಳ್ಳುತ್ತದೆ. ಅದಕ್ಕೆ ನೆಲದಲ್ಲಿ ಗುಂಡಿ ತೋಡುವ ಬದಲು ನೆಲದ ಮೇಲೆ ಇಟ್ಟಿಗೆಯ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿಸಿದೆ. ತಳಕ್ಕೆ ಇಟ್ಟಿಗೆ ಚೂರು, ಮೇಲೆ ಮಸಾರಿ (ಕೆಂಪು) ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ. ನೀರು ಹೊರಗೆ ಹೋಗಲು ಬುಡದಲ್ಲಿ ತೂತು. ಗಿಡ ನೆಟ್ಟಿದ್ದು ದಸರಾ ಆದ ಮೇಲೆ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಬೋರಿನ ನೀರು ಬಕೆಟ್‌ನಲ್ಲಿ ಒಣಗಿದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ದಿನಾ ಒಂದೊಂದು ಚೊಂಬು ಈ ನೀರು ಹಾಕಿದರೆ ನೀರು ಆರಿ ಹೋಗಿ ಉಪ್ಪು ಮಾತ್ರ ಬೇರಿನ ಹತ್ತಿರ ಉಳಿಯುತ್ತದೆ. ದಿನಾ ನೀರು ಹಾಕಿದರೂ ಎಲೆಯ ಅಂಚು ಸುಟ್ಟಂತಾಗುವುದು ಇದಕ್ಕೇ. ನಾನು ದಿನಾ ಹಾಕುವುದಿಲ್ಲ. ಹಾಕಿದಾಗ ಕಟ್ಟೆಯ ತೂತಿನಿಂದ ನೀರು ಹೊರಗೆ ಹರಿಯುವವರೆಗೆ ಹಾಕುತ್ತೇನೆ, ಉಪ್ಪು ಅದರ ಜೊತೆ ಹೋಗಲಿ ಅಂತ. ತಾರಸಿಯ ಮಳೆ ನೀರನ್ನು ಟ್ಯಾಂಕಿಗೆ ಬಿಟ್ಟಿದ್ದೇನೆ. ಸಾವಿರ ಚದರಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 900 ಲೀಟರ್ ಆಗುತ್ತದೆ. ಆ ನೀರು ನನ್ನ ಗುಲಾಬಿಗೇ ಮೀಸಲು, ಮನೆಯವರು ಬೈಕ್ ತೊಳೆಯಲು ಕೇಳಿದರೂ ಕೊಡುವುದಿಲ್ಲ. ಬುಡಕ್ಕೆ ಭತ್ತದ ಹುಲ್ಲಿನ ಹೊದಿಕೆ, ನಮ್ಮೂರಲ್ಲಿ ಅದಕ್ಕೇನು ಬರ ಇಲ್ಲ.

ರೈಸ್ ಮಿಲ್ಲಿನ ಬೂದಿಯೂ ನಮ್ಮಲ್ಲಿ ಪುಕ್ಕಟೆ ಸಿಗುತ್ತದೆ. "ಒಯ್ರಿ ಅಕ್ಕಾರ, ಗಿಡಕ್ಕ ಚಲೋ ಆಗ್ತದ" ಅಂತ ಮಿಲ್ಲಿನವರು ಚೀಲಗಟ್ಟಲೆ ಕೊಡಲು ಬರುತ್ತಾರೆ. ತಂಗಿಯ ಹುಳಿ ಮಣ್ಣಿಗಾದರೆ ಒಳ್ಳೆಯದೇ. ನಮ್ಮ ಮಣ್ಣಿನ ರಸಸಾರ (ಹುಳಿ-ಕ್ಷಾರದ ಅಳತೆ, ಪಿಎಚ್) ಮೊದಲೇ 8ರ ಮೇಲೆ, ಬೂದಿ ಹಾಕಿದರೆ ಇನ್ನೂ ಏರುತ್ತದೆ. ಗುಲಾಬಿಗೆ ಬೇಕಾದದ್ದು 6ರಿಂದ 7. ರಸಸಾರ ಏರಿದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಹೊಸ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ನರಗಳು ಹಸಿರು, ನಡುವೆಲ್ಲ ನಿಂಬೆ ಹಳದಿ. ಇದಕ್ಕೆ ನಾನು ಅನ್ನಭೇದಿ (ಫೆರಸ್ ಸಲ್ಫೇಟ್) ಬಳಸುತ್ತೇನೆ. ಲೀಟರ್ ನೀರಿಗೆ 5 ಗ್ರಾಂ, ಅರ್ಧ ನಿಂಬೆಹಣ್ಣಿನ ರಸ, ಆಗಲೇ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸುವುದು. ಬುಡಕ್ಕೆ ಹಾಕಿದರೆ ಮಣ್ಣು ಅದನ್ನೂ ಕಟ್ಟಿ ಹಾಕುತ್ತದೆ. ಗೋಡೆಗೆ ತಾಗದಂತೆ ನೋಡಿಕೊಳ್ಳಿ, ಕಲೆ ಹೋಗುವುದಿಲ್ಲ.

ಇನ್ನು ಕಟ್ಟುವ ಕೆಲಸ, ನನಗೆ ತುಂಬಾ ಇಷ್ಟವಾದದ್ದು. ಈ ಗಿಡಕ್ಕೆ ಮಲ್ಲಿಗೆಯ ಹಾಗೆ ಸುತ್ತಿಕೊಳ್ಳುವ ಗುಣವಿಲ್ಲ, ಹೀರೆ ಬಳ್ಳಿಯಂಥ ಕುಡಿಯೂ ಇಲ್ಲ. ಬಿಟ್ಟರೆ ನೆಟ್ಟಗೆ ಮೇಲೇರಿ ತುದಿಯಲ್ಲಿ ಒಂದು ಗೊಂಚಲು ಬಿಟ್ಟು ಸುಮ್ನಾಗುತ್ತದೆ. ಆ ಹೂ ನೋಡೋದು ಮೇಲಿನ ಮನೆಯವರು. ಕೊಂಬೆಯನ್ನು ಅಡ್ಡಡ್ಡ ಬಗ್ಗಿಸಿದರೆ ತುದಿಯ ಜೋರು ಇಳಿದು ಉದ್ದಕ್ಕೂ ಒಂದೊಂದು ಕಣ್ಣೂ ಚಿಗುರುತ್ತದೆ, ಆ ಒಂದೊಂದು ಚಿಗುರಿನ ತುದಿಗೂ ಮೊಗ್ಗು. ನಾನು ಗೋಡೆಯಿಂದ ಒಂದು ಗೇಣು ಬಿಟ್ಟು ಅಡ್ಡ ತಂತಿ ಎಳೆಸಿದ್ದೇನೆ. ಕಾದ ಗೋಡೆಗೆ ಎಲೆ ತಾಗಬಾರದು, ಹಿಂದೆ ಗಾಳಿಯೂ ಆಡಬೇಕು. ಕೊಂಬೆ ಹಸಿರಾಗಿ, ಹೆಬ್ಬೆರಳಿಗಿಂತ ತೆಳ್ಳಗಿರುವಾಗಲೇ ಬಗ್ಗಿಸಬೇಕು. ಒಂದೇ ಸಲಕ್ಕೆ ಬಗ್ಗಿಸಿದರೆ ಬುಡದಲ್ಲಿ ಲಟಕ್ ಅನ್ನುತ್ತದೆ. ಇವತ್ತು ಸ್ವಲ್ಪ, ವಾರ ಬಿಟ್ಟು ಇನ್ನು ಸ್ವಲ್ಪ. ಕಟ್ಟೋದಕ್ಕೆ ಹಳೆಯ ಕಾಟನ್ ಸೀರೆಯ ಪಟ್ಟಿ, ಕೊಂಬೆ ದಪ್ಪವಾಗಲು ಜಾಗ ಬಿಟ್ಟು ಸಡಿಲವಾಗಿ. ತಂತಿ, ಪ್ಲಾಸ್ಟಿಕ್ ದಾರ ಎರಡೂ ಸಿಪ್ಪೆಯೊಳಗೆ ಇಳಿಯುತ್ತವೆ.

ಮೊದಲ ಎರಡು ವರ್ಷ ಮುಖ್ಯ ಕೊಂಬೆಗಳಿಗೆ ಕತ್ತರಿ ತಾಗಿಸಲಿಲ್ಲ. ಈಗ ಅಕ್ಟೋಬರಿನಲ್ಲಿ ಪಕ್ಕದ ಚಿಗುರುಗಳನ್ನು ಎರಡು-ಮೂರು ಕಣ್ಣು ಬಿಟ್ಟು ಕತ್ತರಿಸುತ್ತೇನೆ, ತೀರಾ ಮುದಿಯಾದ ಒಂದು ಕೊಂಬೆಯನ್ನು ಬುಡಕ್ಕೇ ತೆಗೆಯುತ್ತೇನೆ. ಜೊತೆಗೆ ನೆನೆಹಾಕಿ ತಿಳಿ ಮಾಡಿದ ಶೇಂಗಾ ಹಿಂಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಓಣಿ ಪೂರ್ತಿ ಘಮ್ ಅನ್ನುತ್ತದೆ. ದೇವರಿಗೆ ಬೇಕಾದವರು ಬೆಳಿಗ್ಗೆ ಬಿಸಿಲೇರುವ ಮೊದಲೇ ಕೊಯ್ಯಬೇಕು, ಹತ್ತು ಗಂಟೆ ಕಳೆದರೆ ಅರ್ಧ ಪರಿಮಳ ಹಾರಿ ಹೋಗಿರುತ್ತದೆ. ಚಳಿಗೆ ಒಂದಿಷ್ಟು ಬೂದಿ ರೋಗ ಬರುತ್ತದೆ, ಈ ತಳಿಗೆ ಅದು ಸ್ವಲ್ಪ ಜಾಸ್ತಿಯೇ. ನೀರಲ್ಲಿ ಕರಗುವ ಗಂಧಕ ಹೊಡೆದರೆ ಸಾಕು, ಬಿಸಿಲು ಬಲಿತ ಮೇಲೆ ಮಾತ್ರ ಗಂಧಕ ಮುಟ್ಟಬೇಡಿ, ಎಲೆ ಸುಡುತ್ತದೆ.

ಮಾರ್ಚ್ ಬಂದರೆ ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಹುಳದ ಕಾಟ. 2021ರಲ್ಲಿ ನಮ್ಮ ಕಡೆ ಮೆಣಸಿನಕಾಯಿ ಬೆಳೆದವರನ್ನು ಅಳಿಸಿದ ಕಪ್ಪು ಥ್ರಿಪ್ಸ್ ಹೂವಿನೊಳಗೇ ಕೂರುವ ಜಾತಿ. ಮೊಗ್ಗಿನ ಅಂಚು ಕಂದು ಬಣ್ಣಕ್ಕೆ ತಿರುಗಿ ಅರಳದೆ ನಿಂತರೆ ಬಿಳಿ ಹಾಳೆಯ ಮೇಲೆ ಕೊಡವಿ ನೋಡಿ, ಗೆರೆಯಂಥ ಹುಳ ಓಡಾಡುತ್ತವೆ. ನೀಲಿ ಅಂಟು ಹಾಳೆ ತೂಗುಹಾಕುತ್ತೇನೆ, ಬೇವಿನೆಣ್ಣೆ ಹೊಡೆಯುತ್ತೇನೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಏಪ್ರಿಲ್, ಮೇನಲ್ಲಿ ಮೊಗ್ಗುಗಳನ್ನೇ ಚಿವುಟಿ ಹಾಕುತ್ತೇನೆ. ಆ ಬಿಸಿಲಲ್ಲಿ ಅರಳುವುದು ಹೇಗೂ ರೂಪಾಯಿ ಗಾತ್ರದ ನೇರಳೆ ಹೂ. ಗೊಬ್ಬರ ನಿಲ್ಲಿಸಿ, ನೀರು ಮಾತ್ರ ಕೊಟ್ಟು, ಮೇಲೊಂದು ಹಸಿರು ನೆರಳು ಪರದೆ ಎಳೆದುಬಿಡುತ್ತೇನೆ. ಜೂನಿನ ಮೊದಲ ಮಳೆ ಬಿದ್ದ ಮೇಲೆ ಬುಡದಿಂದ ಕೆಂಪನೆಯ ಹೊಸ ಕೊಂಬೆಗಳು ಏಳುತ್ತವೆ. ಮುಂದಿನ ಚಳಿಗಾಲಕ್ಕೆ ಹೂ ಬಿಡೋವು ಅವೇ, ಹಾಗಾಗಿ ಸೀರೆ ಪಟ್ಟಿ ಆಗಲೇ ಹರಿದಿಟ್ಟುಕೊಂಡಿರಬೇಕು.