ಮೊದಲ ಸಂಬಳ ಎಣಿಸುತ್ತಿರುವವರಿಗೆ ಒಂದು ಮಾತು

ಕೋಲಾರದ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಗುಂಪಿನಲ್ಲಿ ಜಾಸ್ತಿ ಇದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ವರ್ಷ ನನ್ನ ಸಂಬಳ ಇಪ್ಪತ್ತನೇ ತಾರೀಖಿಗೇ ಖಾಲಿ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದೆ. ಯುಪಿಐಗೆ ಜೋಡಿಸದ ಇನ್ನೊಂದು ಖಾತೆ ತೆರೆದೆ. ಸಂಬಳ ಬಂದ ಮರುದಿನ 4,000 ರೂಪಾಯಿ ತಾನಾಗಿ ಅಲ್ಲಿಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟೆ. ಸ್ಕ್ಯಾನ್ ಮಾಡಲು ಆಗದ ದುಡ್ಡು ಉಳಿಯುತ್ತದೆ, ಅಷ್ಟೇ ಗುಟ್ಟು.

ಮೊದಲು ಮೂರು ತಿಂಗಳ ಖರ್ಚು ಅಲ್ಲಿ ಕೂಡಲಿ. ಟೊಮೆಟೊ ಬೆಳೆಯುವ ಮನೆಯವರಾದರೆ ಆರು ತಿಂಗಳದ್ದು. ಕೋಲಾರದ ಮಂಡಿಯಲ್ಲಿ ಒಂದು ವಾರ ಬಾಕ್ಸಿಗೆ ಚಿನ್ನದ ಬೆಲೆ, ಇನ್ನೊಂದು ವಾರ ರಸ್ತೆ ಬದಿಗೆ ಸುರಿಯೋದು. ನಮ್ಮಪ್ಪನ ಕಥೆಯೂ ಅದೇ.

ಆಮೇಲೆ ಅಂಚೆ ಕಚೇರಿಯ ಆರ್‌ಡಿ. ತಿಂಗಳು ತಿಂಗಳು ಕಟ್ಟುವ ಠೇವಣಿ ಅದು, ತಿಂಗಳಿಗೆ 100 ರೂಪಾಯಿಯಿಂದ ಶುರು, 5 ವರ್ಷ. ಪಿಪಿಎಫ್ ಅಂದರೆ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ, 15 ವರ್ಷದ್ದು, ವರ್ಷಕ್ಕೆ 500 ಕಟ್ಟಿದರೂ ನಡೆಯುತ್ತದೆ. ಕೆಲಸ ಬದಲಿಸುವಾಗ ಪಿಎಫ್ (ಸಂಬಳದಲ್ಲಿ ಕಡಿತವಾಗುವ ಭವಿಷ್ಯ ನಿಧಿ) ತೆಗೆದು ಬೈಕ್ ಕೊಳ್ಳಬೇಡಿ. ನಿಮ್ಮ ಪಿಎಫ್ ಗುರುತಿನ ಸಂಖ್ಯೆ, ಅಂದರೆ ಯುಎಎನ್, ಒಂದೇ ಇರುತ್ತದೆ, ಹೊಸ ಕಂಪನಿಗೆ ವರ್ಗಾಯಿಸಿ. 5 ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳಬಹುದು.

ನೋಂದಣಿ ಇಲ್ಲದ ಚೀಟಿ ಬೇಡವೇ ಬೇಡ. ನಾನು 18,000 ಕಳೆದುಕೊಂಡಿದ್ದೇನೆ. ನಡೆಸುತ್ತಿದ್ದವರು ನೆಂಟರೇ, ಗಟ್ಟಿಯಾಗಿ ಕೇಳೋದು ಹೇಗೆ ಅಲ್ವಾ?

ಈ ವರ್ಷ ಭಾನುವಾರದ ಓಟಿ (ಹೆಚ್ಚುವರಿ ಕೆಲಸ) ಬಿಟ್ಟೆ. ಆ ಖಾತೆಯಲ್ಲಿ ಸ್ವಲ್ಪ ದುಡ್ಡು ಇದೆ ಅನ್ನೋ ಧೈರ್ಯ. ಈಗ ಊರಿನ ಅರಳಿಕಟ್ಟೆಯಲ್ಲಿ ಐದಾರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಹೋದ ವಾರ ಒಬ್ಬಳು ಬಡ್ಡಿ ಲೆಕ್ಕ ಕಲಿತವಳೇ ಮನೆಗೆ ಓಡಿ, ಅವರಮ್ಮನ ಸಂಘದ ಸಾಲದ ಪುಸ್ತಕ ತಂದು ನನ್ನ ಮುಂದಿಟ್ಟಳು.